ಸಪ್ಪಳವಿಲ್ಲದ ಪೆಟ್ಟಿಗೆ

ಅಕ್ಕೋರು ಹೋದ ಸುದ್ದಿ ಬಂದಾಗ ನಾನು ಗೋಕಾಕದ ನನ್ನ ಅಂಗಡಿಯಲ್ಲಿ ಯಾರದೋ ಕಂಪ್ಯೂಟರಿನ ಫ್ಯಾನು ಬಿಚ್ಚಿ ಧೂಳು ಒರೆಸುತ್ತಿದ್ದೆ. ಹುಕ್ಕೇರಿಯಿಂದ ಅವರ ಅಣ್ಣನ ಮಗ ಫೋನ್ ಮಾಡಿದ್ದ. "ಅತ್ತಿ ಹೋದ್ರರೀ. ನಿನ್ನೆ ಎಲ್ಲಾ ಮುಗೀತು. ನಿಮಗೊಂದ್ ಮಾತು ತಿಳಸಬೇಕು ಅನಿಸ್ತು" ಎಂದ. ನಾನು ಏನೋ ಎರಡು ಮಾತು ಆಡಿ ಫೋನ್ ಇಟ್ಟೆ. ಕೈಯಲ್ಲಿದ್ದ ಫ್ಯಾನನ್ನು ಬೆರಳಿನಿಂದ ತಿರುಗಿಸಿ ಕಿವಿಯ ಹತ್ತಿರ ಹಿಡಿದೆ. ಅದು ಸರಿಯಾಗಿಯೇ ತಿರುಗುತ್ತಿತ್ತು. ಆದರೆ ಅಕ್ಕೋರ ಕಿವಿಗೆ ಅದು ಸರಿ ಎನಿಸುತ್ತಿತ್ತೋ ಇಲ್ಲವೋ ನನಗೆ ಖಾತ್ರಿಯಾಗಲಿಲ್ಲ. ಅವತ್ತು ಅಂಗಡಿಯಲ್ಲಿ ಮತ್ತೆ ಕೆಲಸ ಸಾಗಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ, ನಾನು ಮೂಡಲಗಿಯ ಶಾಲೆಯಲ್ಲಿದ್ದಾಗ, ಅವರು ನಮಗೆ ಕನ್ನಡ ಮತ್ತು ಸಂಗೀತ ಹೇಳಿಕೊಡುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುವುದೇ ರೂಢಿ. ನನಗೆ ಮಾತ್ರ ಆ ಶಬ್ದ ಕೇಳಿದರೆ ಇವತ್ತಿಗೂ ನೆನಪಾಗುವುದು ಅವರೊಬ್ಬರೇ. ತೆಳ್ಳಗಿನ ಮೈ, ಗಂಜಿ ಹಾಕಿದ ಹತ್ತಿ ಸೀರೆ, ಕಿವಿಯಲ್ಲಿ ಸಣ್ಣ ಮುತ್ತು. ಏನನ್ನಾದರೂ ಗಮನವಿಟ್ಟು ಕೇಳುವಾಗ ಒಂದು ಕಣ್ಣು ಮುಚ್ಚಿ ತಲೆಯನ್ನು ಎಡಕ್ಕೆ ವಾಲಿಸುತ್ತಿದ್ದರು. ಬೆಳಗಿನ ಪ್ರಾರ್ಥನೆಯಲ್ಲಿ ಇಡೀ ಶಾಲೆ ಒಟ್ಟಿಗೆ ಹಾಡುತ್ತಿದ್ದರೂ ಯಾರು ತುಟಿ ಮಾತ್ರ ಆಡಿಸುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಾಗಿಬಿಡುತ್ತಿತ್ತು. ಬೈಯುತ್ತಿರಲಿಲ್ಲ. ಹಿಂದೆ ಬಂದು ನಿಂತು, "ನಿನ್ನ ಧ್ವನಿ ಎಲ್ಲಿ ಬಿಟ್ಟ ಬಂದಿಯೋ?" ಎಂದು ಕೇಳುತ್ತಿದ್ದರು, ಅಷ್ಟೇ.

ನಮ್ಮ ಅಬ್ಬಾ ಮೂಡಲಗಿಯ ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಅಕ್ಕೋರು ಒಮ್ಮೆ ತಮ್ಮ ರೇಡಿಯೊ ತಂದು, "ಸುದ್ದಿ ಓದಾವರಿಗೆ ನೆಗಡಿ ಆದಂಗ ಕೇಳಸ್ತೈತ್ರಿ" ಎಂದರಂತೆ. ಅಬ್ಬಾಗೆ ಏನೂ ವ್ಯತ್ಯಾಸ ಕೇಳಿಸಲಿಲ್ಲ. ಆದರೂ ಸ್ಪೀಕರು ಬಿಚ್ಚಿ ನೋಡಿದರೆ ಅದರ ಕಾಗದ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಅಂದಿನಿಂದ ಅಬ್ಬಾ ಪ್ರತಿ ರಿಪೇರಿಯ ನಂತರ, "ಅಕ್ಕೋರಿಗೆ ಕೇಳಿಸಿ ಕೊಡೂನೇನ್ರಿ?" ಎಂದು ಗಿರಾಕಿಗಳಿಗೆ ಚೇಷ್ಟೆ ಮಾಡುತ್ತಿದ್ದರು.

ಅಕ್ಕೋರ ಯಜಮಾನರು ಇದಕ್ಕೆ ಪೂರ್ತಿ ಉಲ್ಟಾ. ಅವರದು ಗದ್ದಲದ ಬದುಕು. ಲಗ್ನದ ವಿಡಿಯೊ ತೆಗೆಯುವುದು ಅವರ ಕಸುಬು. ಹೆಗಲ ಮೇಲೆ ಕೂಸನ್ನು ಹೊತ್ತಂತೆ ದೊಡ್ಡ ಕ್ಯಾಮೆರಾ ಹೊತ್ತು ಗೋಕಾಕ, ಮೂಡಲಗಿ, ಹುಕ್ಕೇರಿಯ ಊರೂರು ತಿರುಗುತ್ತಿದ್ದರು. ಎಲ್ಲರಿಗೂ ಅವರು ಕಾಕಾ. ಜೈನರ ಲಗ್ನವಿರಲಿ, ಲಿಂಗಾಯತರದಿರಲಿ, ನಮ್ಮವರ ನಿಖಾ ಇರಲಿ, ಮಂಟಪಕ್ಕೆ ಬಂದವರು ಮೊದಲು ಕೇಳುತ್ತಿದ್ದುದು ಅವರ ಗಂಟಲನ್ನೇ. "ಏ ಮಾಂವಾ, ಸ್ವಲ್ಪ ಬಾಜೂ ಸರೀರಿ!" "ತಂಗೀ, ಇತ್ಲಾಗ ನೋಡು, ಇತ್ಲಾಗ!" ನನ್ನ ಅಕ್ಕನ ನಿಖಾದಲ್ಲಿ ಮೌಲವಿಯವರನ್ನೇ, "ಇನ್ನೊಮ್ಮೆ ಹೇಳ್ರಿ, ಕ್ಯಾಸೆಟ್ ಬದಲಿ ಮಾಡಾಕತ್ತೇನಿ" ಎಂದು ತಡೆದು ನಿಲ್ಲಿಸಿದ್ದರು.

ಆ ಗಂಟಲಿಗೇ ರೋಗ ಬಂತು. ಬಾಯಲ್ಲಿ ಸದಾ ತಂಬಾಕು ಇರುತ್ತಿತ್ತು. ಮೊದಲು ಧ್ವನಿ ಒಡೆಯಿತು, ಆಮೇಲೆ ನುಂಗುವುದು ಕಷ್ಟವಾಯಿತು. ಮಿರಜಿಗೆ ಕರೆದುಕೊಂಡು ಹೋದರು. ಜೀವ ಉಳಿಸಬೇಕಾದರೆ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು ಎಂದರಂತೆ ಡಾಕ್ಟರು. ತೆಗೆದರು. ಕಾಕಾ ಮನೆಗೆ ಬಂದಾಗ ಕುತ್ತಿಗೆಯ ಕೆಳಗೆ ಒಂದು ತೂತಿತ್ತು. ಅದರಿಂದಲೇ ಉಸಿರಾಟ. ಅದಕ್ಕೆ ತೆಳುವಾದ ಬಿಳಿ ಬಟ್ಟೆ ಇಳಿಬಿಟ್ಟಿರುತ್ತಿದ್ದರು. ಗಂಟಲಿಗೆ ಹಿಡಿದು ಮಾತಾಡುವ ಯಂತ್ರವೊಂದನ್ನು ಯಾರೋ ಪುಣೆಯಿಂದ ತರಿಸಿಕೊಟ್ಟರು. ಒಮ್ಮೆ ಹಿಡಿದು ಹೆಂಡತಿಯ ಹೆಸರು ಕರೆದರಂತೆ. ಡಬ್ಬಿಯೊಳಗೆ ಜೀರುಂಡೆ ಕೂಗಿದ ಹಾಗಿತ್ತು. ಅದನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದವರು ಮತ್ತೆ ತೆಗೆಯಲಿಲ್ಲ. ಹೇಳಬೇಕಾದ್ದನ್ನು ಪಾಟಿಯ ಮೇಲೆ ಬಳಪದಲ್ಲಿ ಬರೆದು ತೋರಿಸುತ್ತಿದ್ದರು. ಶಾಲೆಯ ಮಕ್ಕಳು ಬಳಸುವಂಥದೇ ಕಟ್ಟಿಗೆ ಅಂಚಿನ ಕರಿ ಪಾಟಿ.

ಅಕ್ಕೋರು ನಿವೃತ್ತರಾಗಿ ಗಂಡನ ಜೊತೆ ಗೋಕಾಕದ ಕಲ್ಲಿನ ಮನೆಗೆ ಬಂದದ್ದು ಆ ನಂತರ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನಾನು ಆಗಷ್ಟೇ ಕಂಪ್ಯೂಟರ್ ಜೋಡಿಸುವ ಅಂಗಡಿ ಇಟ್ಟಿದ್ದೆ. ಬೇಸಿಗೆಯ ಒಂದು ಬೆಳಿಗ್ಗೆ ಕೊಡೆ ಹಿಡಿದು ಬಂದು ಸ್ಟೂಲಿನ ಮೇಲೆ ಕುಳಿತರು.

"ತಮ್ಮಾ, ಸಪ್ಪಳ ಮಾಡದ ಕಂಪ್ಯೂಟರ್ ಸಿಗತಾವೇನು?"

"ಎದಕ್ರಿ ಅಕ್ಕೋರ?"

"ಇವರ ಧ್ವನಿ ಹುಡಕಬೇಕಾಗೈತಿ."

ನನಗೆ ಅರ್ಥವಾಗಲಿಲ್ಲ. ಅವರು ಕೊಡೆಯ ಹಿಡಿಕೆಯನ್ನೇ ನೋಡುತ್ತ ಹೇಳಿದರು.

"ನನಗ ಮರತೈತಿ. ನಿಮ್ಮ ಅಬ್ಬಾನ ಧ್ವನಿ ನೆನಪೈತಿ. ಮೂಡಲಗಿ ಸಾಲಿ ಗಂಟಿ ಯಾವ ಸ್ವರದಾಗ ಬಾರಸ್ತಿತ್ತು ಅನ್ನೂದೂ ನೆನಪೈತಿ. ಇಷ್ಟ ವರ್ಷ ಬಾಳೇ ಮಾಡಿದ ಗಂಡನ ಧ್ವನಿ ಅಷ್ಟ ಕಿವಿಯೊಳಗ ಬರವಲ್ದು ನೋಡು."

ಕಾಕಾನ ಕಪಾಟಿನ ತುಂಬ ಹಳೆಯ ಲಗ್ನದ ಕ್ಯಾಸೆಟ್ಟುಗಳಿದ್ದವು. ಯಾವುದರಲ್ಲೂ ಅವರ ಮುಖವಿಲ್ಲ. ಕ್ಯಾಮೆರಾದ ಹಿಂದಿನಿಂದ ಕೂಗಿದ ಮಾತುಗಳು ಮಾತ್ರ ಅಲ್ಲಲ್ಲಿ ಇವೆ. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಎಷ್ಟೋ ಕ್ಯಾಸೆಟ್ಟು ಒಮ್ಮೆ ಓಡಿದರೆ ಎರಡನೆಯ ಸಲ ಓಡುವ ಭರವಸೆ ಇರಲಿಲ್ಲ. ಅವನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿ, ಒಂದೊಂದನ್ನೂ ಕೇಳಿ, ಗಂಡನ ಮಾತುಗಳನ್ನು ಹೆಕ್ಕಬೇಕು ಎಂಬುದು ಅವರ ವಿಚಾರ.

ಕೆಲಸ ಸಣ್ಣದಾಗಿರಲಿಲ್ಲ. ಅಷ್ಟು ವಿಡಿಯೊ ಹಿಡಿಸಲು ಸಾಲುಸಾಲು ಹಾರ್ಡ್‌ಡಿಸ್ಕ್ ಬೇಕು, ಅವುಗಳ ಜೊತೆ ಗುಂಯ್‌ಗುಟ್ಟುವ ಫ್ಯಾನುಗಳು ಬೇಕು. ಆ ಗದ್ದಲದಲ್ಲಿ ಕುಳಿತು ಅಕ್ಕೋರು ಏನು ಕೇಳಿಯಾರು? ಕೊನೆಗೆ ನಾನೊಂದು ಉಪಾಯ ಮಾಡಿದೆ. ಗದ್ದಲದ ಯಂತ್ರವನ್ನು ಅಡುಗೆಮನೆಯ ಆಚೆ, ಕಾಳಿನ ಕೋಣೆಯಲ್ಲಿ ಇಡುವುದು. ಪಡಸಾಲೆಯಲ್ಲಿ ಎರಡು ವಿಸಿಆರ್, ಅವಕ್ಕೆ ಸಪ್ಪಳ ಕಡಿಮೆಯ ಎರಡು ಕಂಪ್ಯೂಟರ್. ಎರಡು ಕ್ಯಾಸೆಟ್ಟು ಒಮ್ಮೆಗೇ ಓಡಬೇಕು, ಚಿತ್ರವೂ ಧ್ವನಿಯೂ ತಂತಿಯಲ್ಲಿ ಹರಿದು ಹಿಂದಿನ ಕೋಣೆಗೆ ಸೇರಬೇಕು. ಈ ಮೂರು ಕಂಪ್ಯೂಟರುಗಳನ್ನು ಕೂಡಿಸಲು ನಡುವೆ ಒಂದು ಸ್ವಿಚ್ ಬೇಕು ಎಂದೆ.

"ಗೋಡಿ ತುಂಬ ಸ್ವಿಚ್ ಅದಾವಲ್ಲೋ" ಎಂದರು ಅಕ್ಕೋರು.

"ಅದಲ್ರಿ, ಲೈಟಿಂದಲ್ಲ. ಇದು ಊರ ನಡುವಿನ ಚೌಕ ಇದ್ದಂಗ. ಎಲ್ಲಾ ತಂತಿ ಅಲ್ಲೇ ಬಂದು ಕೂಡತಾವು. ಯಾರ ಸಾಮಾನು ಯಾರ ಮನಿಗೆ ಹೋಗಬೇಕು, ಅದು ನೋಡಿ ಕಳಸ್ತೈತಿ."

ಮೊದಲು ಹಾಕಿದ್ದು ಅಂಗಡಿಯಲ್ಲಿದ್ದ ಸಾದಾ ಪ್ಲಾಸ್ಟಿಕ್ ಪೆಟ್ಟಿಗೆ. ಒಂದು ಕ್ಯಾಸೆಟ್ಟಿಗೆ ಸಾಕಾಯಿತು, ಎರಡು ಒಟ್ಟಿಗೆ ಓಡಿಸಿದರೆ ಚಿತ್ರ ತಡವರಿಸತೊಡಗಿತು. ಅಕ್ಷತೆ ಗಾಳಿಯಲ್ಲೇ ನಿಲ್ಲುತ್ತಿತ್ತು. "ಚಿತ್ರ ಹಾಳಾಗಿ ಹೋಗಲಿ, ಧ್ವನಿ ಮುರೀತೈತಿ ತಮ್ಮಾ" ಎಂದರು. ಹತ್ತು ಪಟ್ಟು ವೇಗದ ಪೆಟ್ಟಿಗೆ ಬೇಕಾಯಿತು. ನಮ್ಮ ಕಡೆ ಆಗ ಅಂಥದನ್ನು ಮನೆಗೆ ಕೊಳ್ಳುವವರೇ ಇರಲಿಲ್ಲ. ಬೆಳಗಾವಿಯ ಯಾವುದೋ ಕಚೇರಿಯವರು ಬಿಟ್ಟ ದೊಡ್ಡದೊಂದನ್ನು ಹಿಡಿದುಕೊಂಡು ಬಂದು ಪಡಸಾಲೆಯಲ್ಲಿ ಚಾಲೂ ಮಾಡಿದೆ. ಅದರ ಬೆನ್ನಿನ ಪುಟ್ಟ ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಕಿರುಚಿದವು. ಅಕ್ಕೋರು ಎರಡೂ ಕಿವಿ ಮುಚ್ಚಿಕೊಂಡು ಬಾಗಿಲ ಕಡೆ ಗದ್ದ ತೋರಿಸಿದರು. ಪೆಟ್ಟಿಗೆ ಬಂದ ಹಾಗೆಯೇ ಹೋಯಿತು.

ಫ್ಯಾನಿಲ್ಲದ್ದು ತರಿಸಿದೆ. ಅದಕ್ಕೆ ಸಪ್ಪಳವೇ ಇಲ್ಲ ಎಂದು ನಾನು ಹೆಮ್ಮೆಯಿಂದ ಹೇಳಿದರೆ ಅಕ್ಕೋರು ಅದನ್ನು ಮಾವಿನಹಣ್ಣು ಆರಿಸುವವರಂತೆ ಕಿವಿಗೆ ಹಿಡಿದು, ಕಣ್ಣು ಮುಚ್ಚಿ, "ಸಣ್ಣಗ ಸೊಳ್ಳಿ ಅಳಾಕತ್ತೈತಿ" ಎಂದರು. ನನಗೆ ಕೇಳಿಸಲಿಲ್ಲ. ಇನ್ನೊಂದು ತಂದೆ. ಅದನ್ನು ಒಪ್ಪಿದರು, ಆದರೆ ಅದರ ಪ್ಲಾಸ್ಟಿಕ್ ಮೈ ಗೋಕಾಕದ ಬಿಸಿಲು ತಡೆಯಲಿಲ್ಲ. ಮಧ್ಯಾಹ್ನ ಕರೆಂಟ್ ಹೋದರೆ ಬ್ಯಾಟರಿಯ ಮೇಲೆ ಪೆಟ್ಟಿಗೆ ನಡೆಯುತ್ತಿತ್ತು, ಚಾವಣಿಯ ಫ್ಯಾನು ನಿಲ್ಲುತ್ತಿತ್ತು. ಕೈ ಇಟ್ಟರೆ ಚುರ್ ಎನ್ನುವಷ್ಟು ಕಾದು, ಸುಮ್ಮನೆ ದೀಪ ಆರಿಸಿ ಕುಳಿತುಬಿಡುತ್ತಿತ್ತು. ಹಾಗೆ ನಡುವೆ ನಿಂತು ಮಮದಾಪುರದ ಕಡೆಯ ಒಂದು ಲಗ್ನದ ಕ್ಯಾಸೆಟ್ಟು ಹೋಯಿತು. ಮತ್ತೆ ಹಾಕಿದಾಗ ಟೇಪು ವಿಸಿಆರಿನೊಳಗೇ ಹರಿಯಿತು. ಅಕ್ಕೋರು ಆ ಹರಿದ ಟೇಪನ್ನು ಬೆರಳಿಗೆ ಸುತ್ತಿಕೊಂಡು ಬಹಳ ಹೊತ್ತು ಕುಳಿತಿದ್ದರು. ಅದರೊಳಗೆ ಗಂಡ ಏನು ಮಾತಾಡಿದ್ದರೋ, ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ.

ಆಮೇಲೆ ನಾನು ಪುಣೆಯಿಂದ ಕಬ್ಬಿಣದ ಮೈಯದು ತರಿಸಿದೆ. ಬೇಕಾದ್ದಕ್ಕಿಂತ ದೊಡ್ಡದನ್ನೇ ಆರಿಸಿದೆ. ಮೈ ಅಗಲವಿದ್ದಷ್ಟೂ ಬಿಸಿ ಹರಡಿಕೊಂಡು ಹೋಗುತ್ತದೆ. ಅಕ್ಕೋರು ಅದನ್ನು ದೇವರ ಮಾಡದಲ್ಲಿ ಇಡೋಣವೆಂದರು, ಕಲ್ಲು ತಂಪಿರುತ್ತದೆ ಎಂದು. ಆದರೆ ಗೋಡೆಯೊಳಗಿನ ಆ ಗೂಡಿನಲ್ಲಿ ಗಾಳಿ ಆಡುವುದಿಲ್ಲ, ಕಾದ ಗಾಳಿ ಅಲ್ಲೇ ನಿಂತುಬಿಡುತ್ತದೆ. ಬಿಸಿಲು ಬೀಳದ ಬಡಗಣ ಗೋಡೆಗೆ ಎರಡು ಕಟ್ಟಿಗೆ ತುಂಡು ಬಡಿದು, ಪೆಟ್ಟಿಗೆ ಕಲ್ಲಿಗೆ ತಾಗದ ಹಾಗೆ, ಅದರ ತೂತುಗಳು ಕೆಳಗೆ ಮತ್ತು ಮೇಲೆ ಬರುವಂತೆ ನಿಲ್ಲಿಸಿ ತೂಗುಹಾಕಿದೆ. ಕೆಳಗಿನಿಂದ ತಂಪು ಗಾಳಿ ಹೊಕ್ಕು ಮೇಲಿನಿಂದ ಬಿಸಿಯಾಗಿ ಹೊರಬೀಳಬೇಕು. ಅದರ ಬಿಸಿ ತಾಗದಂತೆ ಬ್ಯಾಟರಿಯನ್ನು ದೂರ ಸರಿಸಿದೆ.

ಆಗ ಇನ್ನೊಂದು ತಕರಾರು ಎದ್ದಿತು. ಬೆಚ್ಚಗಿನ ಪೆಟ್ಟಿಗೆಗೆ ಇರುವೆಗಳು ಬಂದವು. ಔಷಧ ಹೊಡೆಯುವ ಮಾತೇ ಇಲ್ಲ. ಕತ್ತಲಾಗುವ ಮುಂಚೆ ಊಟ ಮುಗಿಸುವ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಜೈನರ ಮನೆ ಅದು. ಅಕ್ಕೋರು ನೀರು ಸೋಸುವ ಬಟ್ಟೆಯನ್ನೇ ತಂದು ತೂತುಗಳಿಗೆ ಕಟ್ಟಲು ಹೊರಟರು.

"ಗಾಳಿ ನಿಂತ್ರ ಪೆಟ್ಟಿಗಿ ಸಾಯತೈತ್ರಿ ಅಕ್ಕೋರ."

"ತೂತ ಬಿಟ್ರ ಇರುವಿ ಸಾಯತಾವು. ಎರಡೂ ಸಾಯಬಾರದು. ಏನರೆ ಮಾಡು."

ಕೊನೆಗೆ ಹಿಟ್ಟಿನ ಜರಡಿಯ ಜಾಳಿಗೆ ಕತ್ತರಿಸಿ ಕೂರಿಸಿದೆ. ಇಬ್ಬರಿಗೂ ಸಮಾಧಾನವಾಯಿತು. ಈ ಎಲ್ಲ ಗಡಿಬಿಡಿಯ ಹೊತ್ತಿಗೆ ಕಾಕಾ ಮೂಲೆಯ ಹಗ್ಗದ ಹೊರಸಿನ ಮೇಲೆ ಕುಳಿತು ನಮ್ಮನ್ನು ನೋಡುತ್ತಿದ್ದರು. ಪಾಟಿ ತೊಡೆಯ ಮೇಲಿರುತ್ತಿತ್ತು. ಏನೂ ಬರೆಯುತ್ತಿರಲಿಲ್ಲ.

ಮನೆಯ ಕ್ಯಾಸೆಟ್ಟುಗಳು ಅರ್ಧ ಮುಗಿಯುವ ಹೊತ್ತಿಗೆ ಅಕ್ಕೋರು ಊರುಗಳಿಗೆ ಹೊರಟರು. ಎಷ್ಟೋ ಲಗ್ನದ ಕ್ಯಾಸೆಟ್ಟು ಆಯಾ ಮನೆಗಳಲ್ಲೇ ಉಳಿದಿದ್ದವು. ಘೋಡಗೇರಿ, ಕಣಗಲಾ, ಬೆಲ್ಲದ ಬಾಗೇವಾಡಿ ಎಂದು ಬಸ್ಸು ಹಿಡಿದು ಹೋಗಿ, ಗುರುತು ಹೇಳಿ, ಕ್ಯಾಸೆಟ್ಟು ಬೇಡಿ ತರುತ್ತಿದ್ದರು. ವಾಪಸು ಕೊಡುವಾಗ ಅದರ ಸಿಡಿಯನ್ನೂ ಕೊಡುತ್ತಿದ್ದರು. ಒಮ್ಮೆ ಘೋಡಗೇರಿಗೆ ನಾನೂ ಹೋಗಿದ್ದೆ. ನಮ್ಮವರದೇ ಮನೆ. ಸಿಡಿ ಹಾಕಿದೆವು. ಮದುವಣಗಿತ್ತಿ ಮುಖ ಗಂಟಿಕ್ಕಿ ಕುಳಿತಿದ್ದಾಳೆ. ಕ್ಯಾಮೆರಾದ ಹಿಂದಿನಿಂದ, "ಸಾಕ್ ಬಿಡವಾ ಸಿಟ್ಟು, ಹುಡುಗ ಓಡಿ ಹೋದಾನು" ಎಂಬ ಕಾಕಾನ ಧ್ವನಿ. ಹುಡುಗಿ ಕಿಸಕ್ಕನೆ ನಕ್ಕು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆ ಹುಡುಗಿ ಹೆರಿಗೆಯಲ್ಲಿ ತೀರಿಕೊಂಡು ಹಲವು ವರ್ಷವಾಗಿತ್ತು. ಅವಳ ತಾಯಿ ಟಿವಿಯ ಹತ್ತಿರ ಸರಿದು ಕುಳಿತು, "ಆ ನಗೂದೊಂದು ಮತ್ತ ತೋರಸ್ರಿ" ಎಂದರು. ಮತ್ತೆ ತೋರಿಸಿದೆ. "ನಿಮ್ಮವರು ನಗಸಿದ್ರು ಆಕೀನ್ನ. ಅವತ್ತ ಮುಂಜಾನಿಂದ ಆಕಿ ಯಾರಿಗೂ ನಕ್ಕಿರಲಿಲ್ಲ" ಎಂದು ಅಕ್ಕೋರ ಕೈ ಹಿಡಿದುಕೊಂಡರು.

ನಿಜವಾಗಿ ಅವರನ್ನು ಹಿಡಿದು ಹಾಕಿದ್ದು ಬೆಲ್ಲದ ಬಾಗೇವಾಡಿಯ ಕ್ಯಾಸೆಟ್ಟು. ಅದರಲ್ಲಿ ಯಾರೋ ಹೆಣ್ಣುಮಕ್ಕಳು ಬೀಗರ ಪದ ಹಾಡುತ್ತಿದ್ದರು. ಕಾಕಾ ಪಕ್ಕದವರಿಗೆ ಮೆಲ್ಲಗೆ ಹೇಳಿದ್ದು ಕ್ಯಾಮೆರಾದ ಮೈಕಿಗೆ ಸಿಕ್ಕಿತ್ತು. "ಇದೇನ್ ಹಾಡ್ರಿ. ನಮ್ಮನಿಯಾಕಿ ಅಡಗಿ ಮನ್ಯಾಗ ಒಬ್ಬಾಕೀನ ಹಾಡ್ತಾಳಲ್ಲ, ಅದನ್ನ ಕೇಳಬೇಕು. ನಾ ಬಾಗಲದಾಗ ನಿಂತ ಬಿಡತೇನಿ."

ಇದನ್ನು ಅಕ್ಕೋರು ನನಗೆ ಎರಡು ಸಲ ಕೇಳಿಸಿದರು. "ಖರೆ ಹೇಳತೇನಿ ತಮ್ಮಾ, ನನ್ನ ಮುಂದ ಒಂದ ದಿನಾ ಛಲೋ ಹಾಡಿದಿ ಅಂದಿಲ್ಲ. ಬಾಗಲದಾಗ ನಿಂತದ್ದೂ ನನಗ ಗೊತ್ತಿಲ್ಲ."

ಅಂದಿನಿಂದ ಅವರು ಬೇರೆಯೇ ಆದರು. ಮೊದಲು ಧ್ವನಿ ನೆನಪಾದರೆ ಸಾಕೆಂದಿದ್ದವರಿಗೆ ಈಗ ಇಂಥ ಇನ್ನೊಂದು ಮಾತು ಬೇಕಾಗಿತ್ತು. ಎಲ್ಲೋ ಒಂದು ಊರಿನ ಒಂದು ಲಗ್ನದಲ್ಲಿ, ವಾಲಗದ ಕೆಳಗೆ, ಪಾತ್ರೆಗಳ ಸದ್ದಿನ ಕೆಳಗೆ ಅದು ಹೂತಿದೆ ಎಂದು ನಂಬಿದ್ದರು. ಕಿವಿಗೆ ಹೆಡ್‌ಫೋನ್ ಏರಿಸಿ ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದರು. ಪಲ್ಯ ಹೊತ್ತುತ್ತಿತ್ತು. ನಾನು ಹೋದರೆ ಕೈಯೆತ್ತಿ ಕಾಯಲು ಹೇಳುತ್ತಿದ್ದರು. ಒಬ್ಬರೇ ನಗುತ್ತಿದ್ದರು. ಕೆಲವು ಸಲ, ಎದುರಿಗೆ ಯಾರೋ ಮಾತಾಡಿಸಿದ ಹಾಗೆ, "ಹೌದೇನು?" ಎಂದು ಉತ್ತರ ಕೊಡುತ್ತಿದ್ದರು. ಮೂಲೆಯ ಹೊರಸಿನ ಮೇಲೆ ಆ ಧ್ವನಿಯ ಮನುಷ್ಯ ಜೀವಂತ ಕುಳಿತಿದ್ದಾರೆ, ಕುತ್ತಿಗೆಯ ಬಟ್ಟೆ ಏರಿಳಿಯುತ್ತಿದೆ. ಈ ಕಡೆ ಹೆಂಡತಿ ಅದೇ ಮನುಷ್ಯನ ಜೊತೆ ಯಾವುದೋ ಹಳೆಯ ಮಂಟಪದಲ್ಲಿ ಮಾತಾಡುತ್ತಿದ್ದಾಳೆ. ಆ ಪಡಸಾಲೆಯಲ್ಲಿ ಹೆಚ್ಚು ಹೊತ್ತು ನಿಲ್ಲಲು ನನಗೆ ಒಂದು ಥರ ಆಗುತ್ತಿತ್ತು.

ಆಗಲೇ ಪೆಟ್ಟಿಗೆ ಮತ್ತೆ ನಿಲ್ಲತೊಡಗಿತು. ಕ್ಯಾಸೆಟ್ಟು ಅರ್ಧಕ್ಕೆ ಬಂದಾಗ ಪೆಟ್ಟಿಗೆಯ ದೀಪಗಳು ಆರಿಬಿಡುತ್ತಿದ್ದವು. ನಾನು ಹೋಗಿ ಮುಟ್ಟಿದರೆ ಮೈ ಕಾದಿರುತ್ತಿತ್ತು. ಜಾಳಿಗೆ ತೊಳೆದೆ, ಕಟ್ಟಿಗೆ ತುಂಡು ಬದಲಿಸಿ ಇನ್ನಷ್ಟು ಜಾಗ ಬಿಟ್ಟೆ, ಅದರ ಬೆನ್ನಿಗೆ ಅಲ್ಯುಮಿನಿಯಂ ಪಟ್ಟಿ ಅಂಟಿಸಿದೆ. ಎರಡು ದಿನ ಸರಿ ಇದ್ದು ಮತ್ತೆ ಅದೇ ಕಥೆ. ಬೇಸಿಗೆ ಮುಗಿದು ಮಳೆಗಾಲ ಬಂತು. ಆಷಾಢದ ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿದ್ದ ದಿನವೂ ಅದು ಕಾದು ನಿಂತಿತು. ಆಗ ನನಗೆ ಅನುಮಾನ ಬಂತು. ಹೊರಗೆ ಸ್ವೆಟರ್ ಹಾಕುವಷ್ಟು ಥಂಡಿ ಇರುವಾಗ ಇದಕ್ಕೆ ಎಲ್ಲಿಂದ ಬಂತು ಬಿಸಿ?

ಮುನ್ನ ಹೇಳದೆ ಒಂದು ಮಧ್ಯಾಹ್ನ ಹೋದೆ. ಅಕ್ಕೋರು ಎರಡೂ ಕ್ಯಾಸೆಟ್ಟು ಓಡಲು ಬಿಟ್ಟು ಬಸದಿಗೆ ಹೋಗಿದ್ದರು. ಮುಂಬಾಗಿಲು ತೆರೆದೇ ಇತ್ತು. ಕಾಕಾ ಹೊರಸಿನ ಮೇಲಿರಲಿಲ್ಲ. ಬಡಗಣ ಗೋಡೆಯ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತಿದ್ದರು. ಹೆಗಲ ಮೇಲಿನ ವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಗೆ ಹೊದಿಸಿದ್ದರು. ಅದು ಜಾರದಂತೆ ಅಂಗೈ ಒತ್ತಿ ಹಿಡಿದಿದ್ದರು, ಜ್ವರ ಬಂದ ಕೂಸಿನ ಹಣೆ ಹಿಡಿಯುವ ಹಾಗೆ. ನನ್ನನ್ನು ಕಂಡು ಕೈ ತೆಗೆಯಲಿಲ್ಲ. ಇನ್ನೊಂದು ಕೈಯ ಬೆರಳನ್ನು ಮೆಲ್ಲಗೆ ತುಟಿಗೆ ಅಡ್ಡ ಇಟ್ಟರು.

ಅಷ್ಟರಲ್ಲಿ ಹಿಂದೆ ಚಪ್ಪಲಿ ಬಿಡುವ ಸದ್ದಾಯಿತು. ಅಕ್ಕೋರು ಒಳಗೆ ಬಂದು ನಮ್ಮಿಬ್ಬರನ್ನೂ ನೋಡಿದರು. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ನನಗ ಗೊತ್ತೈತಿ ತಮ್ಮಾ. ಸಂಜಿ ಮುಂದ ಅವರ ವಸ್ತ್ರಕ್ಕ ಕಾದ ತಂತಿ ವಾಸನಿ ಬರತಿತ್ತು" ಎಂದರು. ನಂತರ ಗಂಡನ ಎದುರು ನೆಲದ ಮೇಲೆ ಕುಳಿತರು. "ಎದಕ ಹಿಂಗ ಮಾಡತೀರಿ? ನಿಮ್ಮ ಧ್ವನಿನ ಅಲ್ಲೇನು ಅದು? ಉಳಿಸಿ ಇಡಾಕತ್ತೇನಿ."

ಕಾಕಾ ಪಾಟಿ ತೆಗೆದುಕೊಂಡರು. ಬರೆದು ತಿರುಗಿಸಿ ಹಿಡಿದರು. *ಅಂವನ ಜೋಡಿ ಇನ್ನ ಎಷ್ಟ ದಿನಾ ಕುಂದರತಿ?*

"ಯಾರ ಜೋಡಿ?"

ಕಾಕಾ ಕಂಪ್ಯೂಟರಿನ ಕಡೆ ಬೆರಳು ಮಾಡಿದರು. ವಸ್ತ್ರದಿಂದಲೇ ಪಾಟಿ ಒರೆಸಿ ಮತ್ತೆ ಬರೆದರು. ಈ ಸಲ ಅಕ್ಷರ ದೊಡ್ಡವಾಗಿದ್ದವು, ಬಳಪ ನಡುವೆ ಮುರಿಯಿತು.

*ಅಂವ ಸತ್ತಾನ. ನಾ ಇಲ್ಲೇ ಅದೇನಿ.*

ಅಕ್ಕೋರು ಅದನ್ನು ಓದಿದರು. ಮತ್ತೆ ಮತ್ತೆ ಓದುತ್ತಿದ್ದರೆಂದು ಕಾಣುತ್ತದೆ, ಕಣ್ಣು ಪಾಟಿಯಿಂದ ಏಳಲಿಲ್ಲ. ಹೆಡ್‌ಫೋನಿನೊಳಗಿಂದ ಯಾವುದೋ ಲಗ್ನದ ವಾಲಗ ಸೊಳ್ಳೆಯಷ್ಟು ಸಣ್ಣಗೆ ಕೇಳುತ್ತಿತ್ತು. ಕೊನೆಗೆ ಅವರು ನನ್ನ ಕಡೆ ತಿರುಗದೆಯೇ ಹೇಳಿದರು. "ಬಂದ್ ಮಾಡು ತಮ್ಮಾ. ಎಲ್ಲಾ ಬಂದ್ ಮಾಡು."

ಬಂದ್ ಮಾಡಿದೆ. ಹಿಂದಿನ ಕೋಣೆಯ ಯಂತ್ರವೂ ನಿಂತ ಮೇಲೆ ಮನೆ ಒಮ್ಮೆಲೇ ಖಾಲಿಯಾದಂತೆ ಅನಿಸಿತು. ನಾನು ಹೊರಗೆ ಬಂದಾಗ ಅಕ್ಕೋರು ಗಂಡನ ಮೊಣಕಾಲಿಗೆ ತಲೆ ಆನಿಸಿದ್ದರು.

ಆಮೇಲೆ ಅವರು ಅದನ್ನು ಹಚ್ಚಲಿಲ್ಲ. ಇನ್ನೂ ಕೇಳದ ಕ್ಯಾಸೆಟ್ಟುಗಳನ್ನು ಕೇಳದೆಯೇ ಹುಕ್ಕೇರಿಗೆ, ಕಣಗಲಾಕ್ಕೆ ಮುಟ್ಟಿಸಿ ಬಂದರು. ಇನ್ನೊಂದು ಮಾತು ಅವುಗಳಲ್ಲಿ ಇತ್ತೋ ಏನೋ. ಕೇಳಬೇಕು ಅನಿಸಲಿಲ್ಲವೇ ಎಂದು ನಾನು ಕೇಳಿದ್ದಕ್ಕೆ, "ಅನಸ್ತೈತಿ" ಎಂದರು, ಅಷ್ಟೇ. ಸಂಜೆ ಆ ಓಣಿಯಲ್ಲಿ ಹಾದರೆ ಇಬ್ಬರೂ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಅಕ್ಕೋರು ಏನೋ ಹೇಳುತ್ತಿದ್ದರು, ಕಾಕಾ ಪಾಟಿಯಲ್ಲಿ ಜವಾಬು ಬರೆಯುತ್ತಿದ್ದರು. ಅಡುಗೆಮನೆಯಿಂದ ಅಕ್ಕೋರ ಹಾಡು ಕೆಲವು ಸಲ ರಸ್ತೆಗೂ ಕೇಳುತ್ತಿತ್ತು. ಈಗ ಅವರು ಗಂಡನನ್ನು ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂರಿಸಿ ಹಾಡುತ್ತಿದ್ದರಂತೆ.

ಒಂದು ವರ್ಷ ಕಳೆದು ಸ್ವಲ್ಪ ದಿನಕ್ಕೆ ಕಾಕಾ ಹೋದರು. ರೋಗ ಪುಪ್ಪುಸಕ್ಕೆ ಇಳಿದಿತ್ತು.

ಶ್ರಾವಣದಲ್ಲಿ ಅಕ್ಕೋರು ಅಂಗಡಿಗೆ ಹೇಳಿಕಳಿಸಿದರು, ಯಂತ್ರ ಒಮ್ಮೆ ಚಾಲೂ ಮಾಡಿಕೊಡು ಎಂದು. ಹೋದೆ. ಧೂಳು ಒರೆಸಿ, ತಂತಿಗಳನ್ನು ಮತ್ತೆ ಕೂಡಿಸಿದೆ. ಗೋಡೆಯ ಮೇಲಿನ ಪೆಟ್ಟಿಗೆ ಒಂದೊಂದೇ ಹಸಿರು ದೀಪ ಹಚ್ಚಿಕೊಂಡು ಎದ್ದಿತು. ಅಕ್ಕೋರು ತಾವೇ ಬೆಲ್ಲದ ಬಾಗೇವಾಡಿಯದನ್ನು ತೆಗೆದರು. ಹೆಡ್‌ಫೋನ್ ಹಾಕಿಕೊಳ್ಳಲಿಲ್ಲ, ಸ್ಪೀಕರಿನಲ್ಲೇ ಬಿಟ್ಟರು. ಕಾಕಾನ ಧ್ವನಿ ಪಡಸಾಲೆಯ ತುಂಬ ಬಂತು. ಬಾಗಲದಾಗ ನಿಂತ ಬಿಡತೇನಿ. ಅಲ್ಲಿಗೆ ನಿಲ್ಲಿಸಿದರು.

"ಛಲೋ ಧ್ವನಿ ಹೌದಿಲ್ಲೋ?" ಎಂದರು.

"ಹೌದ್ರಿ ಅಕ್ಕೋರ."

"ಇದು ನನಗ ಈಗ ಎಷ್ಟ ಬೇಕಂದ್ರ ಅಷ್ಟ ಐತಿ. ಆದ್ರ ಈ ಮನ್ಯಾಗ ಸತ್ತಾವರು ಈ ಧ್ವನಿಯವರಲ್ಲ ತಮ್ಮಾ. ಇವರು ಮದಲ, ಮಿರಜಿನ್ಯಾಗನ ಹೋಗಿದ್ರು. ನನ್ನ ಜೋಡಿ ಕಡೀತನಕಾ ಇದ್ದಾವರು ಬ್ಯಾರೆ."

ಅವರು ತಲೆ ವಾಲಿಸಿ, ಖಾಲಿ ಹೊರಸಿನ ಕಡೆ ಕಿವಿ ಕೊಟ್ಟು ಕುಳಿತರು.

"ಕುತ್ತಿಗ್ಯಾಗಿಂದ ಉಸರಾಡ್ತಿದ್ರಲ್ಲ, ಅದಕ್ಕೊಂದ ಸಪ್ಪಳ ಇತ್ತು. ರಾತ್ರೆಲ್ಲಾ ಬಾಜೂಕ ಅದ ಕೇಳಿಕೋತ ಮಲಗತಿದ್ದೆ. ಅದನ್ನ ಯಾರೂ ತುಂಬಿ ಇಟ್ಟಿಲ್ಲ. ಇಷ್ಟ ಯಂತ್ರ ಮನ್ಯಾಗ ಇಟಗೊಂಡು, ಅವರು ಬಾಜೂಕ ಕುಂತಿದ್ರೂ ನಾ ತುಂಬಿ ಇಡಲಿಲ್ಲ. ಈಗ ಅದೂ ಮರಿಯಾಕತ್ತೈತಿ." ನನ್ನ ಕಡೆ ತಿರುಗಿದರು. "ನೀ ಕೇಳಿದ್ದಿಯಲ್ಲ. ದಿನಾ ಬರತಿದ್ದಿ. ಹ್ಯಾಂಗಿತ್ತು, ಒಮ್ಮೆ ಮಾಡಿ ತೋರಸು."

ನನಗೆ ಹಿಂಜರಿಕೆಯಾಯಿತು. ಆದರೆ ಅವರು ಕಣ್ಣು ಮುಚ್ಚಿ ಕಾಯುತ್ತಿದ್ದರು. ಹಲ್ಲು ಕಚ್ಚಿ, ಗಂಟಲು ಸಡಿಲ ಬಿಟ್ಟು, ನೆನಪಿದ್ದ ಹಾಗೆ ಉಸಿರು ಎಳೆದೆ. ಸೀಟಿಗಿಂತ ಸ್ವಲ್ಪ ಒದ್ದೆಯಾದ ಒಂದು ಸಪ್ಪಳ. ನನಗೇ ಅದು ನನ್ನದಲ್ಲ ಎನಿಸಿತು.

"ಅಲ್ಲ" ಎಂದರು ಅಕ್ಕೋರು, ಕಣ್ಣು ತೆರೆಯದೆ. "ಇಷ್ಟ ಅವಸರ ಇರಲಿಲ್ಲ ಅವರಿಗೆ. ಇನ್ನೊಂದ ಸಲ ಮಾಡು."